ಲಿನಕ್ಸ್‌ನಲ್ಲಿ ಲೈಬ್ರರಿ ಅಳವಡಿಸುವ ಮುನ್ನ



ಪ್ರೋಗ್ರಾಮಿಂಗ್ ಕಲಿಯಲು ಹೊರಟ ಅನೇಕರಿಗೆ ಮೊದಲ ತೊಡಕು ಬರುವುದು ಪ್ರೋಗ್ರಾಂ ಬರೆಯುವಾಗಲ್ಲ, ಅದಕ್ಕೆ ಬೇಕಾದ ಲೈಬ್ರರಿಯನ್ನು ಅಳವಡಿಸುವಾಗ. ಇಲ್ಲಿ ಲೈಬ್ರರಿ ಎಂದರೆ ಇತರರು ಮೊದಲೇ ಬರೆದಿಟ್ಟ, ನಾವು ಬಳಸಿಕೊಳ್ಳಬಹುದಾದ ಪ್ರೋಗ್ರಾಂಗಳ ಸಂಗ್ರಹ. ಪೈಥಾನ್ ಭಾಷೆಯಲ್ಲಿ ದೊಡ್ಡ ಲೆಕ್ಕಗಳಿಗೆ ಬಳಸುವ ನಮ್‌ಪೈ ಒಂದು ಉದಾಹರಣೆ. ಮ್ಯಾಟ್ರಿಕ್ಸ್ ಲೆಕ್ಕಗಳಿಗೆ ಅದು ಬ್ಲಾಸ್, ಲಾಪ್ಯಾಕ್ ಎಂಬ ಬೇರೆ ಲೈಬ್ರರಿಗಳ ನೆರವು ಪಡೆಯುತ್ತದೆ. ಹೀಗೆ ಒಂದಕ್ಕೆ ಇನ್ನೊಂದು ಬೇಕಾಗುವ ಸರಪಳಿಯನ್ನು ಜೋಡಿಸಿಕೊಡುವುದೇ ಪ್ಯಾಕೇಜ್ ಮ್ಯಾನೇಜರ್‌ನ ಕೆಲಸ.

ಲಿನಕ್ಸ್‌ನಲ್ಲಿ ಎರಡು ದಾರಿಗಳಿವೆ. ಮೊದಲನೆಯದು ವ್ಯವಸ್ಥೆಯದೇ ಪ್ಯಾಕೇಜ್ ಮ್ಯಾನೇಜರ್: ಡೆಬಿಯನ್, ಉಬುಂಟುಗಳಲ್ಲಿ ಆಪ್ಟ್, ಫೆಡೋರಾದಲ್ಲಿ ಡಿಎನ್‌ಎಫ್. ಎರಡನೆಯದು ಭಾಷೆಗೆ ಸೇರಿದ್ದು: ಪೈಥಾನ್‌ಗೆ ಪಿಪ್. ಆಪ್ಟ್ ತರುವ ಪ್ಯಾಕೇಜುಗಳನ್ನು ಆ ವ್ಯವಸ್ಥೆಯ ನಿರ್ವಾಹಕರು ಸಿದ್ಧಪಡಿಸಿರುತ್ತಾರೆ. ಪಟ್ಟಿಗೆ ಡಿಜಿಟಲ್ ಸಹಿಯೂ ಇರುತ್ತದೆ. ಪಿಪ್ ತರುವುದು ಪೈಪಿಐ ಎಂಬ ಭಂಡಾರದಿಂದ. ಅಲ್ಲಿ ಖಾತೆ ತೆರೆದ ಯಾರು ಬೇಕಾದರೂ ಪ್ಯಾಕೇಜ್ ಸೇರಿಸಬಹುದು. ಹೊಸ ಆವೃತ್ತಿ ಬೇಗ ಸಿಗುತ್ತದೆ, ಆದರೆ ಪರಿಶೀಲಿಸುವ ಹೊಣೆ ನಮ್ಮದಾಗುತ್ತದೆ.

ಈ ಹೊಣೆ ಸಣ್ಣದಲ್ಲ. 2022ರ ಡಿಸೆಂಬರ್‌ನಲ್ಲಿ, ಪೈಟಾರ್ಚ್ ಎಂಬ ಹೆಸರಾಂತ ಲೈಬ್ರರಿಗೆ ಬೇಕಾದ ಒಂದು ಪ್ಯಾಕೇಜಿನ ಹೆಸರನ್ನೇ ಇಟ್ಟು ಯಾರೋ ಪೈಪಿಐಗೆ ಕೆಟ್ಟ ಪ್ಯಾಕೇಜ್ ಸೇರಿಸಿದರು. ಡಿಸೆಂಬರ್ 25ರಿಂದ 30ರ ನಡುವೆ ಪೈಟಾರ್ಚ್‌ನ ಪ್ರಾಯೋಗಿಕ ಆವೃತ್ತಿಯನ್ನು ಪಿಪ್ ಮೂಲಕ ಲಿನಕ್ಸ್‌ಗೆ ಹಾಕಿಕೊಂಡವರ ಕಂಪ್ಯೂಟರ್‌ಗಳಿಗೆ ಅದು ಸೇರಿತು. ಖಾಸಗಿ ಕಡತಗಳನ್ನು ಕದ್ದು ಕಳುಹಿಸುವುದೇ ಅದರ ಕೆಲಸವಾಗಿತ್ತು.

ಇನ್ನೊಂದು ಅಪಾಯ ನಾವೇ ತಂದುಕೊಳ್ಳುವಂಥದ್ದು. ಲಿನಕ್ಸ್‌ನ ಹಲವು ಸ್ವಂತ ಸಾಧನಗಳು ಪೈಥಾನ್ ಅನ್ನು ಅವಲಂಬಿಸಿವೆ. ಸುಡೋ ಸೇರಿಸಿ ಪಿಪ್ ಓಡಿಸಿದರೆ ಆ ಸಾಧನಗಳು ಕೆಡಬಹುದು. ಆದ್ದರಿಂದಲೇ 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಪಿಪ್ ಹಾಗೆ ಅಳವಡಿಸಲು ಒಪ್ಪುವುದಿಲ್ಲ. ಅದನ್ನು ಮೀರಲು ಇರುವ ಆಯ್ಕೆಯ ಹೆಸರೇ 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'. ಹೆಸರಿನಲ್ಲೇ ಎಚ್ಚರಿಕೆ ಇದೆ.

ಹಾಗಾದರೆ ಕ್ರಮವೇನು? ಮೊದಲು 'ಸುಡೋ ಆಪ್ಟ್ ಅಪ್‌ಡೇಟ್' ಕೊಟ್ಟು ಪಟ್ಟಿಯನ್ನು ಹೊಸದಾಗಿಸಿ. ನಂತರ 'ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ನಮ್‌ಪೈ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಸಿ ಭಾಷೆಯ ಲೈಬ್ರರಿಯಾದರೆ ಹೆಸರಿನ ಕೊನೆಯಲ್ಲಿ 'ಡೆವ್' ಇರುವ ಪ್ಯಾಕೇಜನ್ನೂ ಹಾಕಿ. ಫೆಡೋರಾದಲ್ಲಿ ಅದು 'ಡೆವೆಲ್'. ಅದಿಲ್ಲದೆ ಪ್ರೋಗ್ರಾಂ ಕಂಪೈಲ್ ಆಗುವುದಿಲ್ಲ.

ಬೇಕಾದ ಲೈಬ್ರರಿ ಆಪ್ಟ್‌ನಲ್ಲಿ ಇಲ್ಲವೇ? 'ಪೈಥಾನ್3-ವೆನ್ವ್' ಪ್ಯಾಕೇಜಿನ ನೆರವಿನಿಂದ ನಿಮ್ಮ ಫೋಲ್ಡರ್‌ನಲ್ಲೇ ಪ್ರತ್ಯೇಕ ಪೈಥಾನ್ ಪರಿಸರ ಮಾಡಿಕೊಳ್ಳಿ, ಅದರೊಳಗೆ ಪಿಪ್ ಬಳಸಿ. ಹೆಸರಿನ ಪ್ರತಿ ಅಕ್ಷರವನ್ನೂ ಅಧಿಕೃತ ಕೈಪಿಡಿಯೊಂದಿಗೆ ಹೋಲಿಸಿ. ಅಲ್ಲಿ ಸುಡೋ ಬೇಕಿಲ್ಲ. ಅಳವಡಿಕೆ ಎಡವಟ್ಟಾದರೆ ಆ ಫೋಲ್ಡರ್ ಅಳಿಸಿ ಮತ್ತೆ ಆರಂಭಿಸಬಹುದು.

ವಿದ್ಯಾರ್ಥಿಗಳೇ, ಲ್ಯಾಬ್‌ನ ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತೀರಿ. ನಿಮ್ಮ ಆತುರಕ್ಕೆ ಅದು ಕೆಟ್ಟರೆ, ಮುಂದಿನ ಪಾಳಿಯಲ್ಲಿ ಬರುವವರ ಕಲಿಕೆ ನಿಲ್ಲುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಆ ಒಂದು ಗಂಟೆಯೇ ದೊಡ್ಡದು. ಲ್ಯಾಬ್‌ನ ಪಾಸ್‌ವರ್ಡ್ ಇಲ್ಲದಿದ್ದರೂ ನಿಮ್ಮ ಫೋಲ್ಡರ್‌ನಲ್ಲಿ ಕೆಲಸ ಮಾಡುವ ಮಾರ್ಗವಿದೆ. ಅದನ್ನು ಕಲಿತುಕೊಳ್ಳಿ, ಪಕ್ಕದವರಿಗೂ ಕಲಿಸಿ ಎಂದು ಕೋರುತ್ತಾ ನನ್ನ ಮಾತು ಮುಗಿಸುತ್ತೇನೆ.