ಹಾರೋಬೆಲೆಯ ಸಂಜೆಯ ಜಪ



ಕನಕಪುರದ ಹಾರೋಬೆಲೆ ಅಂದರೆ ಕೆಲವರಿಗೆ ಅರ್ಕಾವತಿಯ ಅಣೆಕಟ್ಟು ನೆನಪಾಗುತ್ತದೆ. ಇನ್ನು ಕೆಲವರಿಗೆ 2019ರ ಕೊನೆಯಲ್ಲಿ ಕಪಾಲ ಬೆಟ್ಟದ ಯೇಸುಪ್ರತಿಮೆಯ ಸುತ್ತ ಎದ್ದ ಗದ್ದಲ. ಆ ಗದ್ದಲದ ವಿಷಯಕ್ಕೆ ನಾನಿವತ್ತು ಹೋಗುವುದಿಲ್ಲ. ಅದಕ್ಕೂ ಬಹಳ ಹಿಂದಿನಿಂದ ಆ ಊರಿನ ಕ್ರೈಸ್ತರ ಮನೆಗಳಲ್ಲಿ ನಡೆದು ಬಂದಿರುವ ಸಂಜೆಯ ಪ್ರಾರ್ಥನೆಯ ಬಗ್ಗೆ ಮಾತಾಡುತ್ತೇನೆ. ದೇವರಲ್ಲಿ ಭರವಸೆ ಬೆಳೆಯುವುದು ಹೇಗೆ ಎಂದು ಕೇಳಿದವರಿಗೆ ಆ ಪ್ರಾರ್ಥನೆಗಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಆ ಪ್ರಾರ್ಥನೆಯ ಕಥೆ ಹಳೆಯದು. ಹದಿನೇಳನೇ ಶತಮಾನದಲ್ಲಿ ಲಿಯೊನಾರ್ಡೊ ಚಿನ್ನಮಿ ಮೊದಲಾದ ಯೇಸುಸಭೆಯ ಪಾದ್ರಿಗಳು ಶ್ರೀರಂಗಪಟ್ಟಣದಿಂದ ಈ ಕಡೆಗೆ ಬಂದರು. ಸನ್ಯಾಸಿಗಳಂತೆ ಬಾಳಿದರು, ಕನ್ನಡ ಕಲಿತು ಕನ್ನಡದಲ್ಲೇ ಬರೆದರು. 1773ರಲ್ಲಿ ಪೋಪರು ಆ ಸಭೆಯನ್ನೇ ರದ್ದುಮಾಡಿದರು. ಗುರುಗಳಿಗೆ ಬರ ಬಂತು. ಸಾಲದ್ದಕ್ಕೆ ಮೈಸೂರು ಸೀಮೆಯ ಯುದ್ಧಗಳು. 1799ರ ನಂತರ ಈ ನಾಡಿನಲ್ಲಿ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1823ರಲ್ಲಿ ತಾಯ್ನಾಡಿಗೆ ಮರಳಿದರು. ಇಂಡಿಯಾದಲ್ಲಿ ಕ್ರೈಸ್ತಧರ್ಮಕ್ಕೆ ಮುಂದೆ ಏಳಿಗೆಯಿಲ್ಲ ಎಂಬ ಅರ್ಥದ ಪತ್ರಗಳನ್ನು ಅದೇ ವರ್ಷ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಅಷ್ಟು ಓದಿದವರು, ಅಷ್ಟು ಊರು ತಿರುಗಿದವರು! ಆದರೂ ಅವರ ಲೆಕ್ಕ ತಪ್ಪಿತು. ಮನೆಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದೇ ನನ್ನ ಅಭಿಪ್ರಾಯ.

ಗುರುಗಳು ಅಪರೂಪಕ್ಕೆ ಬಂದು ಹೋಗುವ ಕಾಲದಲ್ಲಿ ಹಳ್ಳಿಗಳನ್ನು ಹಿಡಿದು ನಿಲ್ಲಿಸಿದವರು ಉಪದೇಶಿಗಳು ಮತ್ತು ತಾಯಂದಿರು. ದೀಪ ಹಚ್ಚಿದ ಮೇಲೆ ಗೋಡೆಯ ಮರಿಯಮ್ಮನ ಪಟದ ಮುಂದೆ ಮನೆಮಂದಿ ಮೊಣಕಾಲೂರುತ್ತಾರೆ. ಅಜ್ಜಿ ಜಪಸರ ಹಿಡಿದು ಮೊದಲರ್ಧ ಹೇಳುತ್ತಾಳೆ, ಉಳಿದವರು ಮಿಕ್ಕರ್ಧ ಹೇಳುತ್ತಾರೆ. ಹತ್ತು ಮಣಿಗಳ ಐದು ಹತ್ತುಗಳು, ಮೊದಲ ಮೂರು ಸೇರಿ ಐವತ್ತಮೂರು ನಮೋ ಮರಿಯಾ. ಮೂರನೇ ಹತ್ತಿಗೆ ಮಗು ತೂಕಡಿಸುತ್ತದೆ, ಸೊಸೆಯ ಗಮನ ಒಲೆಯ ಮೇಲಿನ ಎಸರಿನ ಕಡೆ ಹೋಗುತ್ತದೆ. ಜಪ ಮಾತ್ರ ನಿಲ್ಲುವುದಿಲ್ಲ. ಮನಸ್ಸು ನೆಟ್ಟಗಿದ್ದ ದಿನವೂ ಇಲ್ಲದ ದಿನವೂ ಒಂದೇ ಜಪ. ಭರವಸೆ ಬೇರು ಬಿಡುವುದು ಈ ಬಿಡದ ಅಭ್ಯಾಸದಲ್ಲಿ. ಭಕ್ತಿ ಉಕ್ಕಿದಾಗಷ್ಟೇ ಕೈಮುಗಿಯುವವನಿಗೆ ಕಷ್ಟದ ದಿನ ಕೈ ಮೇಲೇಳುವುದಿಲ್ಲ.

ಕಷ್ಟದ ದಿನ ನಮಗೆ ಹೊಸದಲ್ಲ, ನಮ್ಮದು ರೇಷ್ಮೆಯ ಜಿಲ್ಲೆ. ಹುಳು ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಬೇಕು. ನಾಲ್ಕನೆಯದು ಕಳೆದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಹಾಲುರೋಗ, ಸುಣ್ಣಕಟ್ಟು, ಊಜಿ ನೊಣ, ಇವುಗಳಲ್ಲಿ ಯಾವುದು ಬಂದರೂ ಬೆಳೆ ಮಣ್ಣುಪಾಲು. ಎಲ್ಲ ಗೆದ್ದು ರಾಮನಗರದ ಮಾರುಕಟ್ಟೆಗೆ ಗೂಡು ತಂದರೂ ಅವತ್ತಿನ ಹರಾಜಿನ ಬೆಲೆ ರೈತನ ಕೈಯಲ್ಲಿಲ್ಲ. ಹುಳುಮನೆ ತೊಳೆದು ಔಷಧಿ ಹೊಡೆಯುವ ಕೆಲಸವನ್ನು ಯಾವ ಪ್ರಾರ್ಥನೆಯೂ ತಪ್ಪಿಸುವುದಿಲ್ಲ, ತಪ್ಪಿಸಬಾರದು. ಬೆಲೆ ಬಿದ್ದ ರಾತ್ರಿಯೂ ಅದೇ ಪಟದ ಮುಂದೆ ಕೂರುವ ಧೈರ್ಯ ಕೊಡುವುದು ಪ್ರಾರ್ಥನೆಯ ಕೆಲಸ. ಯೇಸು ಕಲಿಸಿದ ಪ್ರಾರ್ಥನೆ ಆ ದಿನದ ಅನ್ನವನ್ನಷ್ಟೇ ಕೇಳುತ್ತದೆ, ವರ್ಷದ ಕಣಜವನ್ನಲ್ಲ. ದೇವರ ಜೊತೆ ವ್ಯಾಪಾರಕ್ಕೆ ಇಳಿದವನಿಗೆ ಅಷ್ಟು ಸಾಲದು, ನಂಬಿದವನಿಗೆ ಸಾಕು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಇದೇ ಅಭ್ಯಾಸ ಬೀದಿಗೆ ಬರುತ್ತದೆ. ಶುಕ್ರವಾರಗಳಲ್ಲಿ ಹದಿನಾಲ್ಕು ಸ್ಥಳಗಳ ಶಿಲುಬೆ ಹಾದಿ, ಉಪವಾಸ, ಪಕ್ಕದ ಮನೆಯವರೊಡನೆ ರಾಜಿ. ಹಾರೋಬೆಲೆಯಲ್ಲಿ ಊರಿನವರೇ ಬಣ್ಣ ಹಚ್ಚಿ ಯೇಸುವಿನ ಪಾಡುಗಳ ನಾಟಕ ಆಡುತ್ತಾರೆ. ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ರಂಗದ ಮೇಲೆ ನಿಲ್ಲಬೇಕಾದರೆ ಮೊದಲು ಮಾತಾಡಲೇಬೇಕು. ಕ್ಷಮಿಸುವುದೂ ಭರವಸೆಯೇ: ನ್ಯಾಯವನ್ನು ದೇವರಿಗೆ ಬಿಟ್ಟು ಕೈ ಸಡಿಲಿಸುವುದು.

ಈಗ ಕನಕಪುರ, ಮಾಗಡಿ, ಚನ್ನಪಟ್ಟಣಗಳಿಂದ ಹುಡುಗರು ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಸಂಜೆ ಕಡಿಮೆಯಾಗಿದೆ. ಅವರಲ್ಲಿ ನನ್ನದೊಂದು ವಿನಂತಿ. ಐದು ಹತ್ತು ಆಗದಿದ್ದರೆ ಒಂದು ಹತ್ತಾದರೂ ಹೇಳಿ, ಬಸ್ಸಿನಲ್ಲೇ ಆದರೂ ಸರಿ. ಅಜ್ಜಿ ಇನ್ನೂ ಇದ್ದರೆ, ಅವರ ಬಾಯಲ್ಲಿರುವ ಹಳೆಯ ಜಪಗಳನ್ನು ಈ ವಾರವೇ ಕೂತು ಬರೆದುಕೊಳ್ಳಿ.