ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸ್ವೀಡನ್ನಿನ ವೋಲ್ವೊ ಕಂಪನಿ 1974ರಲ್ಲಿ ಹೊರತಂದ 200 ಸರಣಿಯ ಕಾರುಗಳಲ್ಲಿ ಸ್ಟೇಷನ್ ವ್ಯಾಗನ್ ಮಾದರಿಗೆ ಇದ್ದ ಹೆಸರು 245. ಎರಡು ಎಂದರೆ ಸರಣಿ, ನಾಲ್ಕು ಎಂದರೆ ಸಿಲಿಂಡರು, ಐದು ಎಂದರೆ ಬಾಗಿಲು. ಮುಂದೆ ಈ ಲೆಕ್ಕ ಕೈಬಿಟ್ಟು ಎಲ್ಲವನ್ನೂ 240 ಎಂದೇ ಕರೆದರು. 1993ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಈ ಸರಣಿಯ 25 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗೆ ಬಂದಿದ್ದವು. ವಿನ್ಯಾಸಕ ಯಾನ್ ವಿಲ್ಸ್‌ಗಾರ್ಡ್ ಅದಕ್ಕೆ ಕೊಟ್ಟ ರೂಪದಲ್ಲಿ ಅಂದಚೆಂದದ ಗೊಡವೆ ಕಡಿಮೆ. ಹಿಂಬದಿಯಂತೂ ನೆಟ್ಟಗೆ ನಿಂತ ಗೋಡೆ. ಆದರೆ ಆ ಗೋಡೆಯ ಹಿಂದೆ ಒಂದು ಬೀರುವನ್ನೇ ಮಲಗಿಸಬಹುದು. ಕನ್ನಡ ನಾಡಿನಲ್ಲಿ ವೋಲ್ವೊ ಎಂದರೆ ಹೊಸಕೋಟೆಯಲ್ಲಿ ತಯಾರಾದ ಬಸ್ಸು. ಕಾರಿನ ವಿಭಾಗ 1999ರಲ್ಲೇ ಫೋರ್ಡ್ ಕಂಪನಿಗೆ ಮಾರಾಟವಾಗಿ, 2010ರಲ್ಲಿ ಚೀನಾದ ಗೀಲಿ ಕಂಪನಿಯ ಪಾಲಾಯಿತು. ಈಗ ಬಸ್ಸಿನ ಕಂಪನಿ ಬೇರೆ, ಕಾರಿನ ಕಂಪನಿ ಬೇರೆ, ಹೆಸರು ಮಾತ್ರ ಒಂದೇ.

ಮೂವತ್ತು ನಲವತ್ತು ವರ್ಷ ದಾಟಿದ ಈ ವ್ಯಾಗನ್ನುಗಳು ಸ್ವೀಡನ್ನಿನಲ್ಲೂ ಅಮೆರಿಕದಲ್ಲೂ ಇನ್ನೂ ಓಡಾಡುತ್ತಿವೆ. ಅವುಗಳಲ್ಲಿ ಬಹಳಷ್ಟರ ರಿಪೇರಿ ನಡೆಯುವುದು ಮಾಲೀಕರ ಕೈಯಲ್ಲೇ. ಬಾನೆಟ್ ಎತ್ತಿದರೆ ಅದರ ಕಾರಣ ಕಾಣುತ್ತದೆ. ಇಂಜಿನ್ನು ಉದ್ದಕ್ಕೆ ಕೂತಿದೆ, ಎರಡೂ ಬದಿಯಲ್ಲಿ ಕೈ ಆಡಿಸಲು ಜಾಗವಿದೆ. ಎರಕದ ಕಬ್ಬಿಣದ ಕೆಂಪು ಬಣ್ಣದ ಬ್ಲಾಕು, ಮೇಲೆ ಅಲ್ಯೂಮಿನಿಯಂ ಹೆಡ್ಡು, ಒಂದೇ ಕ್ಯಾಮ್ ದಂಡ, ಎಂಟು ವಾಲ್ವುಗಳು. ಚಾಲನೆ ಹಿಂದಿನ ಚಕ್ರಗಳಿಗೆ. ಮಾರ್ಗದರ್ಶನಕ್ಕೆ ಕಂಪನಿಯ ಹಸಿರು ಹೊದಿಕೆಯ ಕೈಪಿಡಿಗಳಿವೆ. 1983ರಿಂದ 1993ರ ಮಾದರಿಗಳಿಗೆ ಅಮೆರಿಕದ ಬೆಂಟ್ಲಿ ಪ್ರಕಾಶನದ ದಪ್ಪ ಪುಸ್ತಕವಿದೆ. ಸ್ವೀಡನ್ನಿನಲ್ಲಿ ಮನೆಯ ಮುಂದೆ ಜಾಗವಿಲ್ಲದವರು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಶೆಡ್ಡುಗಳಿಗೆ ಕಾರು ಒಯ್ಯುತ್ತಾರೆ. ಅಲ್ಲಿ ಲಿಫ್ಟೂ ಸ್ಪ್ಯಾನರುಗಳೂ ಇರುತ್ತವೆ, ಕೆಲಸ ಮಾತ್ರ ಅವರದೇ.

ಇಷ್ಟು ಸರಳವಾದ ಕಾರಿನಲ್ಲೂ ಬೋಲ್ಟು ಬಿಚ್ಚುವುದಕ್ಕಿಂತ ಕೆಟ್ಟದ್ದು ಯಾವುದು ಎಂದು ಹುಡುಕುವುದೇ ದೊಡ್ಡ ಕೆಲಸ. ಹಳೆಯ ಕಾರಿನಲ್ಲಿ ತೊಂದರೆ ಕಾಣಿಸಿಕೊಳ್ಳುವ ಜಾಗ ಒಂದು, ಅದು ಹುಟ್ಟುವ ಜಾಗ ಇನ್ನೊಂದು. ಅದನ್ನು ಗಮನಿಸದೆ ಕಂಡ ಭಾಗವನ್ನೇ ಬದಲಿಸುತ್ತ ಹೋಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇಂಜಿನ್ನಿನ ಹಿಂಬದಿಯಿಂದ ಆಯಿಲ್ ಸೋರುವುದು ಇದಕ್ಕೆ ಒಳ್ಳೆಯ ಉದಾಹರಣೆ. ನೋಡಿದೊಡನೆ ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ ಎನಿಸುತ್ತದೆ. ಅದನ್ನು ಬದಲಿಸಲು ಗೇರ್ ಬಾಕ್ಸನ್ನೇ ಇಳಿಸಬೇಕು, ವಾರಾಂತ್ಯವೆಲ್ಲ ಅದಕ್ಕೇ ಹೋಗುತ್ತದೆ. ಹೊಸ ಸೀಲು ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಸೋರಿಕೆ. ಯಾಕೆಂದರೆ ಸೀಲಿನದು ತಪ್ಪೇ ಅಲ್ಲ. ಪಿಸ್ಟನ್ನಿನ ಉಂಗುರಗಳನ್ನು ದಾಟಿ ಒಂದಿಷ್ಟು ಹೊಗೆ ಸದಾ ಇಂಜಿನ್ನಿನ ತಳಕ್ಕೆ ಇಳಿಯುತ್ತಲೇ ಇರುತ್ತದೆ. ಅದು ಬ್ಲಾಕಿನ ಪಕ್ಕದ ಒಂದು ಡಬ್ಬಿಯ ಮೂಲಕ, ಅಲ್ಲಿಂದ ಫ್ಲೇಮ್ ಟ್ರ್ಯಾಪ್ ಎಂಬ ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ಜಾಲರಿಯ ಮೂಲಕ ಗಾಳಿಯ ಕೊಳವೆಗೆ ಮರಳಿ, ಇಂಧನದೊಂದಿಗೆ ಸುಟ್ಟುಹೋಗಬೇಕು. ಮಸಿ ಮತ್ತು ಆಯಿಲಿನ ಜಿಗುಟು ಸೇರಿ ಈ ಜಾಲರಿ ಕಟ್ಟಿಕೊಂಡರೆ ಹೊಗೆಗೆ ದಾರಿಯಿಲ್ಲ. ಒಳಗಿನ ಒತ್ತಡ ಏರಿ, ಎಲ್ಲಿ ಸೀಲು ಮೆತ್ತಗಿದೆಯೋ ಅಲ್ಲಿಂದ ಆಯಿಲನ್ನು ಹೊರದೂಡುತ್ತದೆ.

ಪರೀಕ್ಷೆಗೆ ಯಂತ್ರ ಬೇಡ. ಇಂಜಿನ್ನು ನಿಧಾನಕ್ಕೆ ಓಡುತ್ತಿರುವಾಗ ಆಯಿಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಅಲ್ಲಿಗೆ ಒಂದು ರಬ್ಬರ್ ಕೈಗವಸನ್ನು ಸಿಕ್ಕಿಸಿದರೆ ಸಾಕು. ಅದು ಉಬ್ಬಿ ನಿಂತರೆ ಒಳಗೆ ಒತ್ತಡವಿದೆ, ಒಳಕ್ಕೆ ಎಳೆದುಕೊಂಡರೆ ದಾರಿ ಸರಿಯಿದೆ. ಜಾಲರಿಯ ಬೆಲೆ ಸೀಲು ಹಾಕಿಸುವ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ ಅದು ಗಾಳಿಯ ಕೊಳವೆಗಳ ಅಡಿಯಲ್ಲಿ, ಕಣ್ಣಿಗೆ ಕಾಣದ ಮೂಲೆಯಲ್ಲಿದೆ. ಬೆರಳ ಗೆಣ್ಣು ತರಚದೆ ಅದನ್ನು ತೆಗೆದವರು ಕಡಿಮೆ. ಅದಕ್ಕೇ ಅದನ್ನು ಮರೆತವರು ಹೆಚ್ಚು.

ಇಂಧನದ ವಿಷಯದಲ್ಲೂ ಇದೇ ಕತೆ. ಇಂಜೆಕ್ಷನ್ ಇರುವ ಮಾದರಿಗಳಲ್ಲಿ ಎರಡು ಪಂಪುಗಳಿವೆ. ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿರುವ ಚಿಕ್ಕದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಕಾರಿನ ಅಡಿಗಿರುವ ದೊಡ್ಡದು ಅದಕ್ಕೆ ಒತ್ತಡ ಕೊಟ್ಟು ಇಂಜಿನ್ನಿಗೆ ಕಳಿಸುತ್ತದೆ. ಚಿಕ್ಕ ಪಂಪು ಸದ್ದಿಲ್ಲದೆ ಸತ್ತರೆ ದೊಡ್ಡದು ಪೆಟ್ರೋಲನ್ನು ತಾನೇ ಹೀರಿಕೊಳ್ಳಬೇಕಾಗಿ ಬಂದು ಜೋರಾಗಿ ಗುಂಯ್‌ಗುಡುತ್ತದೆ, ಟ್ಯಾಂಕು ಬರಿದಾಗುತ್ತ ಬಂದಂತೆ ಕಾರು ತಡವರಿಸುತ್ತದೆ. ಸದ್ದು ಮಾಡುವುದನ್ನೇ ಕಿತ್ತು ಹೊಸದು ಹಾಕಿದವರು, ಆ ಹೊಸದನ್ನೂ ಕೆಲ ಕಾಲದಲ್ಲಿ ಸುಟ್ಟುಕೊಳ್ಳುತ್ತಾರೆ. ಎರಡು ಪಂಪೂ ಚೆನ್ನಾಗಿದ್ದು ಕಾರು ಬಿಸಿಲಲ್ಲಿ ಹೊರಡದೆ, ಸಂಜೆ ತಂಪಾದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟರೆ ಅನುಮಾನ ಪಂಪಿನ ರಿಲೇ ಮೇಲೆ. ಅದರೊಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ರೇಡಿಯೋ ರಿಪೇರಿ ಬಲ್ಲವರು ಅದನ್ನು ಬಿಚ್ಚಿ ಮರುಬೆಸುಗೆ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಬಹುದು. ಪೆಟ್ರೋಲ್ ಪೈಪು ಬಿಚ್ಚುವ ಮೊದಲು ಬ್ಯಾಟರಿಯ ತಂತಿ ಕಳಚಿ, ಪೈಪಿನ ಒತ್ತಡ ಇಳಿಸಬೇಕೆಂಬುದು ಮಾತ್ರ ಎಂಥ ಅವಸರದಲ್ಲೂ ತಪ್ಪಬಾರದ ನಿಯಮ.

ವಿದ್ಯುತ್ ತಂತಿಗಳದು ಬೇರೆ ಸಂಕಟ. 1980ರ ದಶಕದ ಆರಂಭದಿಂದ ಸುಮಾರು 1987ರವರೆಗಿನ ಕಾರುಗಳಲ್ಲಿ ಇಂಜಿನ್ನಿನ ಸುತ್ತ ಓಡುವ ತಂತಿಗಳ ಹೊದಿಕೆ ಕಾವಿಗೆ ಪುಡಿಪುಡಿಯಾಗಿ ಉದುರುತ್ತದೆ, ಒಳಗಿನ ತಾಮ್ರ ಬತ್ತಲಾಗುತ್ತದೆ. ಒಂದು ತಂತಿ ಇನ್ನೊಂದಕ್ಕೆ ತಾಗಿದಾಗ ಕಾಣಿಸುವ ತೊಂದರೆಗಳಿಗೆ ತಲೆಯಿಲ್ಲ ಬುಡವಿಲ್ಲ. ಅಲ್ಲಲ್ಲಿ ಟೇಪು ಸುತ್ತುವುದು ದಿನ ದೂಡುವ ಉಪಾಯ ಅಷ್ಟೇ. ಇಡೀ ಕಟ್ಟನ್ನೇ ಬದಲಿಸುವುದು ಸರಿ. ಫ್ಯೂಸುಗಳು ಎರಡು ತುದಿಗೆ ಲೋಹದ ಮೊನೆಯಿರುವ ಹಳೆಯ ಬಗೆಯವು. ತೇವಕ್ಕೆ ಆ ಮೊನೆಗಳಲ್ಲಿ ಕಿಲುಬು ಹಿಡಿದಾಗ ಫ್ಯೂಸು ಸುಡದಿದ್ದರೂ ವಿದ್ಯುತ್ತು ಹರಿಯುವುದಿಲ್ಲ. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿದರೆ ಸತ್ತ ದೀಪ ಹತ್ತಿಕೊಳ್ಳುವುದುಂಟು. ವ್ಯಾಗನ್ನಿಗೇ ಮೀಸಲಾದ ಕಾಯಿಲೆಯೂ ಒಂದಿದೆ: ಹಿಂಬಾಗಿಲ ವೈಪರ್, ಗಾಜು ಬಿಸಿಮಾಡುವ ತಂತಿ, ನಂಬರ್ ಪ್ಲೇಟಿನ ದೀಪ ಒಂದಾದ ಮೇಲೊಂದು ಕೈಕೊಡುತ್ತವೆ. ಇವೆಲ್ಲದರ ತಂತಿಗಳು ಹಾದುಹೋಗುವುದು ಬಾಗಿಲ ಹಿಂಜಿನ ಬಳಿ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಮಡಚಿ ಮಡಚಿ, ವರ್ಷಗಳ ನಂತರ ತಂತಿ ಹೊದಿಕೆಯೊಳಗೇ ತುಂಡಾಗಿರುತ್ತದೆ. ವೈಪರಿನ ಮೋಟಾರು ಕೊಂಡು ತಂದವರಿಗೆ ಇದು ಕೊನೆಗೆ ಗೊತ್ತಾಗುತ್ತದೆ.

ಮೀಟರಿನ ಹಿಂದಿನ ಪುಟ್ಟ ಪ್ಲಾಸ್ಟಿಕ್ ಗೇರು ಒಡೆದರೆ ವೇಗದ ಮುಳ್ಳು ಓಡುತ್ತಲೇ ಇರುತ್ತದೆ, ಕಿಲೋಮೀಟರು ಎಣಿಸುವ ಅಂಕಿಗಳು ಮಾತ್ರ ನಿಂತುಬಿಡುತ್ತವೆ. ಆದ್ದರಿಂದ ಈ ಕಾರು ಇಷ್ಟೇ ಓಡಿದೆ ಎಂದು ಮಾರುವವರು ಹೇಳುವ ಮಾತನ್ನು ಅರ್ಧಕ್ಕಿಂತ ಹೆಚ್ಚು ನಂಬದಿರುವುದು ಒಳ್ಳೆಯದು.

ಟೈಮಿಂಗ್ ಬೆಲ್ಟನ್ನು ಸುಮಾರು 80,000 ಕಿಲೋಮೀಟರಿಗೊಮ್ಮೆ ಬದಲಿಸಬೇಕು. ಕ್ರ್ಯಾಂಕು, ಕ್ಯಾಮ್, ಮತ್ತು ಆಯಿಲ್ ಪಂಪನ್ನು ತಿರುಗಿಸುವ ನಡುದಂಡ, ಈ ಮೂರರ ಗುರುತುಗಳೂ ಸರಿಹೊಂದಿದ ಮೇಲೆಯೇ ಬೆಲ್ಟು ಏರಿಸುವುದು. ಟರ್ಬೊ ಇಲ್ಲದ ಸಾಮಾನ್ಯ ಇಂಜಿನ್ನುಗಳಲ್ಲಿ ಬೆಲ್ಟು ತುಂಡಾದರೂ ಪಿಸ್ಟನ್ನಿಗೆ ವಾಲ್ವು ತಗಲುವುದು ಅಪರೂಪ. ಕಾರು ದಾರಿಯಲ್ಲಿ ನಿಲ್ಲುತ್ತದೆ, ಇಂಜಿನ್ನು ಉಳಿಯುತ್ತದೆ. ಹೊಸ ಕೈಗಳು ಇಲ್ಲಿಂದಲೇ ಕಲಿಯಲು ಧೈರ್ಯ ಮಾಡುವುದು ಇದೇ ಕಾರಣಕ್ಕೆ.

ಬ್ರೇಕಿನಲ್ಲಿ ಅಂಥ ಸಲಿಗೆ ಇಲ್ಲ. ನಾಲ್ಕೂ ಚಕ್ರಗಳಿಗೆ ಡಿಸ್ಕುಗಳಿವೆ. ಬಹುತೇಕ ಮಾದರಿಗಳಲ್ಲಿ ಬ್ರೇಕ್ ಆಯಿಲಿನ ಎರಡು ಪ್ರತ್ಯೇಕ ಜಾಲಗಳಿದ್ದು, ಒಂದೊಂದೂ ಮುಂದಿನ ಎರಡು ಚಕ್ರ ಮತ್ತು ಹಿಂದಿನ ಒಂದು ಚಕ್ರವನ್ನು ಹಿಡಿಯುತ್ತದೆ. ಒಂದು ಜಾಲ ಸೋರಿ ಬರಿದಾದರೂ ಮೂರು ಚಕ್ರಗಳಿಗೆ ಹಿಡಿತ ಉಳಿಯಲೆಂಬುದು ಇದರ ಉದ್ದೇಶ. ಇದರಿಂದಾಗಿ ಮುಂದಿನ ಒಂದೊಂದು ಕ್ಯಾಲಿಪರಿಗೂ ಒಂದಕ್ಕಿಂತ ಹೆಚ್ಚು ನಿಪ್ಪಲುಗಳಿವೆ. ಒಂದರಿಂದ ಏರ್ ತೆಗೆದು ಕೆಲಸ ಮುಗಿಯಿತೆಂದು ಎದ್ದರೆ ಪೆಡಲು ಮೆತ್ತಗೇ ಉಳಿಯುತ್ತದೆ. ಕೈಪಿಡಿ ಹೇಳಿದ ಅನುಕ್ರಮವನ್ನು ಅಕ್ಷರಶಃ ಪಾಲಿಸಬೇಕಾದ ಕೆಲಸವಿದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಹೊಸದು ಹಾಕುವುದು ವಾಡಿಕೆ. ಕಾರಿನ ಅಡಿಗೆ ಹೋಗುವಾಗ ಬರೀ ಜಾಕನ್ನು ನಂಬುವಂತಿಲ್ಲ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡು ಕೊಡಲೇಬೇಕು. ಖಾಲಿ ವ್ಯಾಗನ್ನೂ ಒಂದು ಟನ್ನಿಗೂ ಮೀರಿದ ತೂಕ.

ಒಳಗಿನ ಹೀಟರಿನ ಫ್ಯಾನು ಈ ಕಾರಿನ ವಿನ್ಯಾಸಕ್ಕೆ ಅಂಟಿದ ಕಪ್ಪುಚುಕ್ಕೆ. ಮೊದಲು ಆ ಫ್ಯಾನನ್ನಿಟ್ಟು ಅದರ ಸುತ್ತ ಕಾರು ಕಟ್ಟಿದರು ಎಂಬುದು ಮಾಲೀಕರಲ್ಲಿ ಹಳೆಯ ನಗೆಮಾತು. ಅದನ್ನು ಬದಲಿಸಲು ಡ್ಯಾಶ್‌ಬೋರ್ಡಿನ ಬಹುಭಾಗ ಬಿಚ್ಚಬೇಕು. ಸ್ವೀಡನ್ನಿನ ಚಳಿಯಲ್ಲಿ ಮುಂದಿನ ಗಾಜಿನ ಮಂಜು ಕರಗಿಸುವುದು ಅದೇ ಫ್ಯಾನಾದ್ದರಿಂದ ಇದ್ದರಾಯಿತು ಹೋದರಾಯಿತು ಎನ್ನುವಂತಿಲ್ಲ.

ಇಷ್ಟೆಲ್ಲಕ್ಕೂ ಪರಿಹಾರವಿದೆ. ಪರಿಹಾರ ಕಷ್ಟವಾಗುವುದು ತುಕ್ಕಿನಲ್ಲಿ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವ ನಾಡುಗಳಲ್ಲಿ ಅದು ಹಿಂದಿನ ಚಕ್ರದ ಕಮಾನು, ಬ್ಯಾಟರಿಯ ತಟ್ಟೆ, ಸ್ಟೆಪ್ನಿ ಇಡುವ ಗುಂಡಿ, ಹಿಂಬಾಗಿಲ ಕೆಳಅಂಚುಗಳಿಂದ ಶುರುವಾಗುತ್ತದೆ. ನೀರು ಇಳಿದುಹೋಗುವ ರಂಧ್ರಗಳನ್ನು ಕಸ ತುಂಬದಂತೆ ಬಿಡಿಸಿಡುವುದು, ಚಳಿಗಾಲದ ನಂತರ ಅಡಿಭಾಗ ತೊಳೆಯುವುದು, ಒಳಗಿನ ಪೊಳ್ಳುಗಳಿಗೆ ಮೇಣದಂಥ ಎಣ್ಣೆ ಸಿಂಪಡಿಸುವುದು, ಇಷ್ಟನ್ನು ತಪ್ಪದೆ ಮಾಡಿದ ಕಾರುಗಳೇ ಉಳಿದಿವೆ. ಚಿಕ್ಕ ತೂತಿಗೆ ಟಿಂಕರಿಂಗ್ ಸಾಕು. ತುಕ್ಕು ಸಸ್ಪೆನ್ಷನ್ ಕೂರುವ ಜಾಗವನ್ನೇ ತಿಂದಿದ್ದರೆ ಅದನ್ನು ಕತ್ತರಿಸಿ ವೆಲ್ಡ್ ಮಾಡಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರುತ್ತದೆ. ಅಂಥ ವ್ಯಾಗನ್ನನ್ನು ಬಲ್ಲವರು ಗುಜರಿಗೆ ಕೊಡುವುದಿಲ್ಲ. ಅದರ ಗಾಜು, ಬಾಗಿಲು, ರಿಲೇ, ಮೀಟರು, ಹಿಮ್ಮುಖವಾಗಿ ಕೂರುವ ಮಕ್ಕಳ ಸೀಟು, ಕೆಡದೆ ಉಳಿದಿದ್ದರೆ ಹೀಟರಿನ ಫ್ಯಾನು ಕೂಡ, ಇನ್ನೊಂದು ವ್ಯಾಗನ್ನಿಗೆಂದು ಬಿಚ್ಚಿಟ್ಟುಕೊಳ್ಳುತ್ತಾರೆ.