ಅಂಗಡಿಯ ಲೆಕ್ಕವೂ ಅಮಾನತ್
(ಜುಮಾ ಖುತ್ಬಾದ ಸಾರಾಂಶ)



ಕೆಲವು ತಿಂಗಳ ಹಿಂದೆ ಒಂದು ಕುಟುಂಬ ನನ್ನ ಬಳಿ ಬಂತು. ಅಣ್ಣ-ತಮ್ಮ ಸೇರಿ ಇಪ್ಪತ್ತು ವರ್ಷ ನಡೆಸಿದ ಅಂಗಡಿ. ಅಣ್ಣ ತೀರಿಕೊಂಡರು. ಅವರ ಪಾಲು ಎಷ್ಟೆಂದು ಅತ್ತಿಗೆ ಕೇಳಿದಾಗ ತಮ್ಮನಲ್ಲಿ ಉತ್ತರವಿರಲಿಲ್ಲ. ಅವರಿಗೆ ಮೋಸದ ಮನಸ್ಸಿರಲಿಲ್ಲ, ಬರೆದಿಟ್ಟ ಲೆಕ್ಕವೂ ಇರಲಿಲ್ಲ. "ನಮ್ಮ ನಮ್ಮೊಳಗೆ ಎಂಥ ಲೆಕ್ಕ ಉಸ್ತಾದರೇ?" ಎಂದರು. ಇಂದು ಆ ಎರಡು ಮನೆಗಳ ನಡುವೆ ಸಲಾಮೂ ಇಲ್ಲ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರ. ಮೊತ್ತ ಚಿಕ್ಕದಾದರೂ ಅವಧಿ ಸಹಿತ ಬರೆದಿಡಲು, ಸಾಕ್ಷಿಗಳನ್ನು ಇರಿಸಲು ಅದು ಕಲಿಸುತ್ತದೆ. ಬರೆಯುವುದು ಅಪನಂಬಿಕೆಯಲ್ಲ, ಇನ್ನೊಬ್ಬರ ಹಕ್ಕಿನ ರಕ್ಷಣೆ.

ಮಕ್ಕಳೇ, ನೀವು ಪರೀಕ್ಷೆಗೆಂದು ಓದುವ ಮೂರು ಪಾಠಗಳು ನಿಮ್ಮ ಮನೆಗೆ ಬೇಕು.

ಮೊದಲನೆಯದು ಲೆಕ್ಕ. ಅಂಗಡಿ ಬೇರೆ, ಮಾಲಕ ಬೇರೆ. ಮಗಳ ಫೀಸಿಗೆಂದು ಗಲ್ಲಾಪೆಟ್ಟಿಗೆಯಿಂದ ತೆಗೆದ 5,000 ರೂಪಾಯಿ ಅಂಗಡಿಯ ಖರ್ಚಲ್ಲ, ಅದು ಮಾಲಕರ ಡ್ರಾಯಿಂಗ್ಸ್. ದಿನಕ್ಕೆ 10,000 ರೂಪಾಯಿ ವ್ಯಾಪಾರವಾದರೆ ಅಷ್ಟೂ ಲಾಭವಲ್ಲ. ಮಾಲಿನ ಅಸಲು 8,500 ಕಳೆದರೆ ಉಳಿಯುವುದು 1,500. ಬಾಡಿಗೆ, ಕರೆಂಟು ಬಿಲ್ಲು, ಕೆಲಸದವರ ಸಂಬಳ ಅದರಲ್ಲೇ ಹೋಗಬೇಕು. ಮಾಲೆಷ್ಟು, ಬರಬೇಕಾದ ಉದ್ರಿ ಎಷ್ಟು ಎಂದು ತಿಳಿಯದವರು ಝಕಾತನ್ನೂ ಅಂದಾಜಿನಲ್ಲೇ ಕೊಡುತ್ತಾರೆ.

ಎರಡನೆಯದು ಮಾರ್ಕೆಟಿಂಗ್. ಪ್ರವಾದಿ(ಸ)ರವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಕೇಳಿದರು. ಮಾಲನ್ನು ಚೆನ್ನಾಗಿ ತೋರಿಸುವುದು ತಪ್ಪಲ್ಲ, ಕುಂದನ್ನು ಅಡಗಿಸುವುದು ತಪ್ಪು. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ದಂಡವಿದೆ.

ಮೂರನೆಯದು ಕಾನೂನು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ ಎಲ್ಲ ಪಾಲುದಾರರಿಗೂ ಸಮ. ಒಬ್ಬರು 8 ಲಕ್ಷ, ಇನ್ನೊಬ್ಬರು 2 ಲಕ್ಷ ಹಾಕಿದ್ದರೂ ಅಷ್ಟೇ. ಬೇರೆ ಒಪ್ಪಂದವಿಲ್ಲದಿದ್ದರೆ ಪಾಲುದಾರನ ಮರಣದೊಂದಿಗೆ ಪಾಲುದಾರಿಕೆಯೂ ಮುಗಿಯುತ್ತದೆ. ಸಂಸ್ಥೆ ನೋಂದಣಿಯಾಗದಿದ್ದರೆ, ಬಾಕಿ ಇಟ್ಟ ಗಿರಾಕಿಯ ಮೇಲೆ ದಾವೆ ಹೂಡಲು ಸಾಮಾನ್ಯವಾಗಿ ಆಗುವುದಿಲ್ಲ. ಉದ್ರಿಗೆ ದಾವೆಯ ಅವಧಿಯೂ ಸಾಮಾನ್ಯವಾಗಿ 3 ವರ್ಷ ಮಾತ್ರ.

ಈ ವಾರ ತಂದೆಯ ಜೊತೆ ಕುಳಿತು ಒಂದು ಪುಸ್ತಕ ತೆರೆಯಿರಿ. ಯಾರ ಬಂಡವಾಳ ಎಷ್ಟು, ಪಾಲು ಎಷ್ಟು, ಕೊಡಬೇಕಾದದ್ದು, ಬರಬೇಕಾದದ್ದು ಎಲ್ಲವನ್ನೂ ಬರೆಯಿರಿ, ಸಹಿ ಹಾಕಿಸಿ. ತಂದೆಯಂದಿರೇ, ಮಕ್ಕಳು ಲೆಕ್ಕ ಕೇಳಿದರೆ ಸಿಟ್ಟಾಗಬೇಡಿ. ಅಂಥ ಒಂದು ಹಾಳೆ ಇದ್ದಿದ್ದರೆ ಆ ವಿಧವೆ ತನ್ನ ಯತೀಮ್ ಮಕ್ಕಳ ಹಕ್ಕಿಗಾಗಿ ನನ್ನ ಬಾಗಿಲಿಗೆ ಬರಬೇಕಾಗಿರಲಿಲ್ಲ.

ಇನ್ನೊಬ್ಬರ ಹಕ್ಕನ್ನು ಹೆಗಲ ಮೇಲೆ ಹೊತ್ತು ತನ್ನ ಮುಂದೆ ನಿಲ್ಲುವ ಸ್ಥಿತಿಯಿಂದ ಅಲ್ಲಾಹನು ನಮ್ಮನ್ನು ಕಾಪಾಡಲಿ, ಆಮೀನ್.